ಸ್ಕ್ರೀನ್ ಬೀಳುವ ಮುಂಚೆ ಪ್ರೇಕ್ಷಕರಿಗೆ ಏನೇನು ಗೊತ್ತಿರಬೇಕು?

ಪ್ರಶ್ನೆ: ನಾನು ದಾವಣಗೆರೆಯವಳು, ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದೇನೆ. ಇಲ್ಲಿನ ವಿದ್ಯಾರ್ಥಿ ನಾಟಕ ಸಂಘ ಮುಂದಿನ ಟರ್ಮಿಗೆ ಹದಿನೆಂಟನೇ ಶತಮಾನದ ನಾಟಕಕಾರ ಶೆರಿಡನ್ನನ ಹಾಸ್ಯ ನಾಟಕ ‘ದಿ ಸ್ಕೂಲ್ ಫಾರ್ ಸ್ಕ್ಯಾಂಡಲ್’ ಆರಿಸಿದೆ. ನಿರ್ದೇಶನ ನನ್ನ ಪಾಲಿಗೆ ಬಂದಿದೆ. ಕೈಯಲ್ಲಿರುವುದು ಏಳು ವಾರ, 900 ಪೌಂಡ್, 14 ನಟರು; ಅವರಲ್ಲಿ ಒಂಬತ್ತು ಮಂದಿ ಹುಡುಗಿಯರು, ಐವರು ಭಾರತೀಯರು. ಜಾಗ ಮೂರು ಕಡೆ ಪ್ರೇಕ್ಷಕರು ಕೂರುವ ಸ್ಟುಡಿಯೋ, 120 ಸೀಟು. ನಮ್ಮ ಉಚ್ಚಾರ ಈ ನಾಟಕಕ್ಕೆ ಒಗ್ಗುತ್ತದೆಯೇ? ಪಕ್ಕದಲ್ಲಿ ಕುಳಿತವರಿಗೆ ಸ್ಕ್ರೀನಿನ (ಕೋಣೆಯಲ್ಲಿ ನಿಲ್ಲಿಸುವ ಮಡಚುವ ಅಡ್ಡತೆರೆಯ) ಹಿಂದೆ ಅಡಗಿದವಳು ಕಂಡುಬಿಟ್ಟರೆ ಗುಟ್ಟು ರಟ್ಟಾಗುವುದಿಲ್ಲವೇ? 14 ದೃಶ್ಯಗಳಿಗೆ ಸೆಟ್ ಎಲ್ಲಿಂದ ತರುವುದು? ಕಥೆಯನ್ನು ಇನ್‌ಸ್ಟಾಗ್ರಾಂ ಕಾಲಕ್ಕೆ ತರೋಣ ಎಂದು ಕೆಲವರು ಹಟ ಹಿಡಿದಿದ್ದಾರೆ. ಮೋಸೆಸ್ ಎಂಬ ಯಹೂದಿ ಲೇವಾದೇವಿಗಾರನ ಪಾತ್ರ ಓದುವಾಗಂತೂ ಎಲ್ಲರಿಗೂ ಮುಜುಗರ.

ಉತ್ತರ: ನೀವು ಐದು ಚಿಂತೆಗಳನ್ನು ಬರೆದಿದ್ದೀರಿ. ನಾಲ್ಕನೇ ಅಂಕದ ಮೂರನೇ ದೃಶ್ಯ, ಅಂದರೆ ಸ್ಕ್ರೀನ್ ದೃಶ್ಯ, ಸರಿಯಾಗಿ ಅರ್ಥವಾದರೆ ಅವುಗಳಲ್ಲಿ ನಾಲ್ಕಕ್ಕೆ ದಾರಿ ಕಾಣುತ್ತದೆ. ಹಾಗಾಗಿ ಅದರಿಂದಲೇ ಶುರು ಮಾಡುತ್ತೇನೆ.

ಗುಟ್ಟು ರಟ್ಟಾಗುವ ಭಯ ಬೇಡ, ಏಕೆಂದರೆ ಅಲ್ಲಿ ಪ್ರೇಕ್ಷಕರಿಂದ ಮುಚ್ಚಿಟ್ಟ ಗುಟ್ಟೇ ಇಲ್ಲ. ಜೋಸೆಫ್ ಸರ್ಫೇಸನ ಓದುಕೋಣೆಗೆ ಲೇಡಿ ಟೀಜಲ್ ಬರುವುದನ್ನೂ, ಗಂಡ ಸರ್ ಪೀಟರ್ ಮೆಟ್ಟಿಲು ಹತ್ತುತ್ತಿದ್ದಾನೆಂದು ತಿಳಿದು ಸ್ಕ್ರೀನಿನ ಹಿಂದೆ ಸರಿಯುವುದನ್ನೂ ಎಲ್ಲರೂ ಕಣ್ಣಾರೆ ನೋಡಿರುತ್ತಾರೆ. ಆಮೇಲೆ ಸರ್ ಪೀಟರ್ ಪಕ್ಕದ ಕಿರುಕೋಣೆಯಲ್ಲಿ ಅಡಗುವುದೂ ಅವರ ಎದುರೇ. ಕೊನೆಗೆ ಜೋಸೆಫನ ತಮ್ಮ ಚಾರ್ಲ್ಸ್ ಬಂದು ಸ್ಕ್ರೀನನ್ನು ಬೀಳಿಸುತ್ತಾನೆ. ಸರ್ ಪೀಟರ್‌ಗೂ ಚಾರ್ಲ್ಸ್‌ಗೂ ಅರ್ಧರ್ಧ ಸತ್ಯವಷ್ಟೇ ಗೊತ್ತು, ಪ್ರೇಕ್ಷಕರಿಗೆ ಪೂರ್ತಿ ಗೊತ್ತು. ನಗು ಹುಟ್ಟುವುದು ಈ ಅಂತರದಿಂದ. 1777ರ ಮೇ 8ರಂದು ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಇದು ಮೊದಲ ಸಲ ಪ್ರದರ್ಶನವಾದಾಗ, ಸ್ಕ್ರೀನ್ ಬಿದ್ದ ಗಳಿಗೆಯ ಗದ್ದಲ ಕೇಳಿ, ಹೊರಗೆ ಹಾದುಹೋಗುತ್ತಿದ್ದ ಫ್ರೆಡೆರಿಕ್ ರೆನಾಲ್ಡ್ಸ್ ಎಂಬ ಹುಡುಗ ಕಟ್ಟಡವೇ ಕುಸಿಯಿತೆಂದು ಓಡಿದನಂತೆ. ಮುಂದೆ ನಾಟಕಕಾರನಾದ ಅವನೇ ಇದನ್ನು ಬರೆದಿಟ್ಟಿದ್ದಾನೆ. ‘ಈಗ ಬೀಳುತ್ತದೆ, ಈಗ ಬೀಳುತ್ತದೆ’ ಎಂದು ಬಹಳ ಹೊತ್ತು ಉಸಿರು ಹಿಡಿದು ಕುಳಿತ ಸಭೆ ಮಾತ್ರ ಹಾಗೆ ಬೊಬ್ಬೆ ಹಾಕುತ್ತದೆ.

ಆದ್ದರಿಂದ ಮೊದಲು ಒಂದು ಹಾಳೆ ತೆಗೆದುಕೊಂಡು, ಆ ದೃಶ್ಯಕ್ಕೆ ಬರುವ ಹೊತ್ತಿಗೆ ಪ್ರೇಕ್ಷಕರಿಗೆ ತಿಳಿದಿರಲೇಬೇಕಾದದ್ದನ್ನು ಬರೆಯಿರಿ. ಜೋಸೆಫ್ ನೀತಿಯ ಮಾತಾಡುವ ಕಪಟಿ, ಅವನ ಕಣ್ಣಿರುವುದು ಸರ್ ಪೀಟರ್‌ನ ಪಾಲನೆಯಲ್ಲಿರುವ ಮರಿಯಾಳ ಆಸ್ತಿಯ ಮೇಲೆ. ತಮ್ಮ ಚಾರ್ಲ್ಸ್ ದುಂದುಗಾರನಾದರೂ ಮರಿಯಾಳನ್ನು ನಿಜವಾಗಿ ಪ್ರೀತಿಸುತ್ತಾನೆ. ಲೇಡಿ ಟೀಜಲ್‌ಗೂ ಚಾರ್ಲ್ಸ್‌ಗೂ ಸಂಬಂಧವಿದೆ ಎಂಬುದು ಹಬ್ಬಿಸಿದ ಸುಳ್ಳು, ಆದರೆ ಸರ್ ಪೀಟರ್ ಅದನ್ನು ನಂಬಿದ್ದಾನೆ. ಲೇಡಿ ಟೀಜಲ್ ಜೋಸೆಫನೊಡನೆ ಸರಸಕ್ಕಿಳಿದದ್ದು ಪ್ರೀತಿಯಿಂದಲ್ಲ, ಪಟ್ಟಣದ ಫ್ಯಾಷನ್ ಎಂದು. ಎಷ್ಟೇ ಜಗಳವಾಡಿದರೂ ಸರ್ ಪೀಟರ್‌ಗೆ ಹೆಂಡತಿಯ ಮೇಲೆ ಜೀವ. ಈ ಐದನ್ನು ಹೊತ್ತು ತರುವ ಸಾಲುಗಳು ಮೊದಲ ಅಂಕದ ಆರಂಭದಲ್ಲಿ, ಎರಡನೇ ಅಂಕದಲ್ಲಿ, ಮೂರನೆಯದರ ಮೊದಲ ದೃಶ್ಯದಲ್ಲಿ ಚದುರಿಕೊಂಡಿವೆ. ಅವಕ್ಕೆ ಬಣ್ಣ ಹಚ್ಚಿ ಗುರುತು ಮಾಡಿಕೊಳ್ಳಿ. ಬೇರೇನು ಕತ್ತರಿಸಿದರೂ ಅವನ್ನು ಮುಟ್ಟಬೇಡಿ. ವಿದ್ಯಾರ್ಥಿ ಪ್ರಯೋಗಗಳಲ್ಲಿ ಈ ದೃಶ್ಯ ಸಪ್ಪೆಯಾಗುವುದು ಬಹುಮಟ್ಟಿಗೆ ಅಲ್ಲಿನ ನಟನೆಯಿಂದಲ್ಲ. ಎರಡನೇ ಅಂಕದಲ್ಲಿ ಜೋಸೆಫ್ ಮರಿಯಾಳ ಮುಂದೆ ಮಂಡಿಯೂರಿದ್ದಾಗ ಲೇಡಿ ಟೀಜಲ್ ಒಳಗೆ ಬರುವ ತುಣುಕನ್ನು ಉದ್ದವಾಯಿತೆಂದು ಯಾರೋ ಕಿತ್ತುಹಾಕಿರುತ್ತಾರೆ. ಆಗ ಸರ್ ಪೀಟರ್ ಓದುಕೋಣೆಯಲ್ಲಿ ಮರಿಯಾಳ ಸುದ್ದಿ ಎತ್ತಿದಾಗ ಜೋಸೆಫ್ ಏಕೆ ಬೆವರುತ್ತಾನೆಂದು ಅರ್ಧ ಸಭೆಗೆ ತಿಳಿಯುವುದಿಲ್ಲ.

ಇನ್ನು ಸ್ಕ್ರೀನ್ ಎಲ್ಲಿರಬೇಕು? ಮೂರು ಕಡೆ ಸಭೆಯಿರುವಾಗ ಎರಡು ದಾರಿಗಳಿವೆ. ಮೊದಲನೆಯದು, ಅದನ್ನು ಹಿಂಗೋಡೆಯ ಹತ್ತಿರ, ಕಿಟಕಿಗೆ ಅಡ್ಡವಾಗಿ ಇಡುವುದು. ಪಠ್ಯವೂ ಹಾಗೆಯೇ ಹೇಳುತ್ತದೆ: ಎದುರುಮನೆಯ ಕುತೂಹಲದ ಕನ್ಯೆಗೆ ಕಾಣದಂತೆ ಸ್ಕ್ರೀನನ್ನು ಕಿಟಕಿಗೆ ಅಡ್ಡ ಎಳೆಯಲು ಜೋಸೆಫ್ ಆಳಿಗೆ ಹೇಳುತ್ತಾನೆ. ಗೋಡೆಗೂ ಸ್ಕ್ರೀನಿಗೂ ನಡುವೆ ಒಂದು ಮೀಟರ್ ಬಿಟ್ಟರೆ ಸಾಕು. ಸ್ಕ್ರೀನಿನ ಎರಡು ತುದಿಯ ಹಾಳೆಗಳನ್ನು (ಮಡಚುವ ಫಲಕಗಳನ್ನು) ಸ್ವಲ್ಪ ಹಿಂದಕ್ಕೆ ಬಾಗಿಸಿದರೆ ಪಕ್ಕದ ಸೀಟುಗಳಲ್ಲಿ ಹೆಚ್ಚಿನವುಗಳ ನೋಟ ತಪ್ಪುತ್ತದೆ. ಎರಡನೆಯ ದಾರಿ, ಸ್ಕ್ರೀನನ್ನು ನಡುರಂಗಕ್ಕೆ ತಂದು, ಪಕ್ಕದವರಿಗೆ ಲೇಡಿ ಟೀಜಲ್ ಕಾಣಲಿ ಎಂದು ಒಪ್ಪಿಕೊಳ್ಳುವುದು. ಗಂಡ ತನಗಾಗಿ ಎರಡು ಪತ್ರ ಬರೆಸಿದ್ದಾನೆ, ಅವನಿರುವವರೆಗೆ ವರ್ಷಕ್ಕೆ 800 ಪೌಂಡ್, ಅವನ ನಂತರ ಆಸ್ತಿಯ ಬಹುಪಾಲು ತನ್ನದು ಎಂದು ಕೇಳಿಸಿಕೊಳ್ಳುವಾಗ ಅವಳ ಮುಖ ಬದಲಾಗುವುದನ್ನು ಕೆಲವರಾದರೂ ನೋಡುತ್ತಾರೆ. ಅದು ದೊಡ್ಡ ಲಾಭ. ನಷ್ಟವೂ ಅಷ್ಟೇ ದೊಡ್ಡದು: ಅವಳು ಬೆರಳಾಡಿಸಿದರೂ ಒಂದು ಕಡೆಯವರು ನಗುತ್ತಾರೆ, ಉಳಿದ ಎರಡು ಕಡೆಯವರು ಏನಾಯಿತೆಂದು ಕತ್ತು ಉದ್ದ ಮಾಡುತ್ತಾರೆ, ಆ ಹೊತ್ತಿಗೆ ಸರ್ ಪೀಟರ್‌ನ ಮಾತು ಯಾರ ಕಿವಿಗೂ ಬಿದ್ದಿರುವುದಿಲ್ಲ. ಏಳು ವಾರದಲ್ಲಿ, ಮೊದಲ ಸಲ ಮಾಡುವವರಿಗೆ ಗೋಡೆಯ ಬದಿಯೇ ಸರಿ.

ಸ್ಕ್ರೀನನ್ನು ಬಾಡಿಗೆಗೆ ತರಬೇಡಿ, ಮಾಡಿಸಿ. ಅಂಗಡಿಯ ಅಲಂಕಾರದ ಸ್ಕ್ರೀನುಗಳು ಬೀಳಲೆಂದು ಮಾಡಿದವಲ್ಲ; ಎರಡನೇ ತಾಲೀಮಿಗೇ ಹಿಂಜ್ ಕಿತ್ತು ಬರುತ್ತವೆ. ಮೂರು ಹಾಳೆ, ಒಂದೊಂದೂ 60 ಸೆಂ.ಮೀ. ಅಗಲ, 185 ಸೆಂ.ಮೀ. ಎತ್ತರ. 44x18 ಮಿ.ಮೀ. ಪೈನ್ ಪಟ್ಟಿಯ ಚೌಕಟ್ಟು, ನಡುವೆ ಒಂದು ಅಡ್ಡಪಟ್ಟಿ, ಮುಂದೆ 4 ಮಿ.ಮೀ. ಪ್ಲೈವುಡ್. ಒಟ್ಟು ಸುಮಾರು 14 ಕೆ.ಜಿ. ಆಗುತ್ತದೆ, ಆಳಿನ ಪಾತ್ರದವರು ಕೆಳಗೆ ಫೆಲ್ಟ್ ಅಂಟಿಸಿಕೊಂಡು ಒಬ್ಬರೇ ಎಳೆಯಬಹುದು. ಬರೀ ಬಟ್ಟೆ ಹೊದಿಸಿದರೆ ಹಗುರವಾಗುತ್ತದೆ ನಿಜ, ಆದರೆ ಗಾಳಿ ಹಿಡಿದು ತೇಲುತ್ತಾ ಇಳಿಯುತ್ತದೆ, ಸದ್ದು ‘ಪುಸ್’ ಎನ್ನುತ್ತದೆ. ಪ್ಲೈವುಡ್ ಮರದ ನೆಲಕ್ಕೆ ಅಪ್ಪಳಿಸಿದರೆ ಮಾತ್ರ ಆ ಏಟಿನ ಸದ್ದು ಬರುತ್ತದೆ. ಬೀಳುವ ಜಾಗದಲ್ಲಿ ಜಮಖಾನ ಹಾಸಬೇಡಿ. ಮುಂಭಾಗಕ್ಕೆ ಭೂಪಟಗಳನ್ನು ಅಂಟಿಸಿ, ಏಕೆಂದರೆ ಸ್ಕ್ರೀನನ್ನೂ ಜ್ಞಾನದ ಸಾಧನ ಮಾಡಿಕೊಂಡಿದ್ದೀಯಲ್ಲ ಎಂದು ಸರ್ ಪೀಟರ್ ಜೋಸೆಫನನ್ನು ಹೊಗಳುವುದು ಅವನ್ನು ನೋಡಿಯೇ.

ಎಡವಟ್ಟಾಗುವುದು ಎರಡು ಕಡೆ. ಹಾಳೆಗಳನ್ನು ಆಳವಾಗಿ ಅಂಕುಡೊಂಕು ನಿಲ್ಲಿಸಿದರೆ ಸ್ಕ್ರೀನ್ ಪೂರ್ತಿ ಮಲಗದೆ ಗುಡಾರದಂತೆ ಅರ್ಧಕ್ಕೆ ನಿಲ್ಲುತ್ತದೆ, ಲೇಡಿ ಟೀಜಲ್ ಸೊಂಟದವರೆಗೆ ಮುಚ್ಚಿಯೇ ಇರುತ್ತಾಳೆ. ಹಾಳೆಗಳ ನಡುವಿನ ಕೋನ ಸುಮಾರು 150 ಡಿಗ್ರಿ ಇರಲಿ, ತಾನಾಗಿ ನಿಲ್ಲುವಷ್ಟು ಮಾತ್ರ ಬಾಗು. ಎರಡನೆಯದು, ಮೇಲ್ತುದಿ ಮುಂದಕ್ಕೆ ಬೀಳುವಾಗ ಬುಡ ಹಿಂದಕ್ಕೆ ಚಿಮ್ಮಿ ಹಿಂದೆ ನಿಂತವಳ ಕಾಲಿಗೆ ಬಡಿಯುತ್ತದೆ. ಅದಕ್ಕೆ ಸ್ಕ್ರೀನ್ ನಿಲ್ಲುವ ಗುರುತಿನ ಹಿಂಬದಿಯಲ್ಲಿ 2 ಸೆಂ.ಮೀ. ಎತ್ತರದ ಪಟ್ಟಿಯೊಂದನ್ನು ನೆಲಕ್ಕೆ ಸ್ಕ್ರೂ ಹಾಕಿ ಕೂರಿಸಿ, ನೆಲದ ಬಣ್ಣವನ್ನೇ ಬಳಿಯಿರಿ. ಅವಳು ಪಟ್ಟಿಯಿಂದ ಒಂದು ಹೆಜ್ಜೆ ಹಿಂದೆ ನಿಲ್ಲಬೇಕು. ಮುಂದೆ ಎರಡೂಕಾಲು ಮೀಟರ್ ಜಾಗಕ್ಕೆ ಟೇಪ್ ಹಚ್ಚಿ. ಅದರೊಳಗೆ ಕುರ್ಚಿ, ಪುಸ್ತಕ, ನಟರ ಕಾಲು ಯಾವುದೂ ಬರಕೂಡದು. ಮೊದಲ ಸಾಲಿನ ಪ್ರೇಕ್ಷಕರು ಆ ಗೆರೆಯಿಂದ ಕನಿಷ್ಠ ಒಂದು ಮೀಟರ್ ದೂರವಿರಲಿ. ಅಷ್ಟು ಜಾಗ ಸಿಗದಿದ್ದರೆ ಸ್ಕ್ರೀನನ್ನು ಬೀಳಿಸದೆ ಬದಿಗೆ ಎಳೆಯಿರಿ. ಸದ್ದು ಕಳೆದುಕೊಳ್ಳುತ್ತೀರಿ, ಆದರೆ ಯಾರ ಮೂಳೆಯೂ ಮುರಿಯುವುದಿಲ್ಲ. ಬೀಳಿಸುವ ಅಭ್ಯಾಸ ಮೊದಲು ಇಬ್ಬರು ಹಿಡಿದು ನಿಧಾನವಾಗಿ, ಆಮೇಲೆ ಹಿಂದೆ ಯಾರೂ ಇಲ್ಲದೆ ಪೂರ್ತಿ ವೇಗದಲ್ಲಿ, ಕೊನೆಗೆ ನಟಿಯೊಂದಿಗೆ. ಪ್ರತಿ ಪ್ರದರ್ಶನದ ಮುಂಚೆಯೂ ಒಂದು ಸಲ ಬೀಳಿಸಿ ನೋಡಿ.

ಲೇಡಿ ಟೀಜಲ್‌ಳ ಲಂಗದ ಬಣ್ಣವನ್ನೂ ಈಗಲೇ ತೀರ್ಮಾನಿಸಿ. ಸರ್ ಪೀಟರ್ ಮೊದಲು ಅಡಗಲು ಹೋಗುವುದು ಸ್ಕ್ರೀನಿನ ಹಿಂದಕ್ಕೇ. ಅಲ್ಲೊಂದು ಲಂಗ ಕಂಡೆ ಎನ್ನುತ್ತಾನೆ, ಆಗ ಜೋಸೆಫ್ ಅದು ಟೋಪಿ ಮಾರುವ ಫ್ರೆಂಚ್ ಹುಡುಗಿ ಎಂದು ಸುಳ್ಳು ಹೆಣೆಯುತ್ತಾನೆ. ಭೂಪಟದ ಮಾಸಲು ಬಣ್ಣದ ಅಂಚಿನಲ್ಲಿ ಎದ್ದು ಕಾಣುವ ಒಂದೇ ಗಾಢ ಬಣ್ಣ ಬೇಕು. ಹೂವಿನ ಚಿತ್ತಾರವಿದ್ದರೆ ದೂರಕ್ಕೆ ಕಲಸಿಹೋಗುತ್ತದೆ. ಸರ್ ಪೀಟರ್ ಅಡಗುವ ಕಿರುಕೋಣೆಯ ಬಾಗಿಲು ಸ್ಕ್ರೀನಿನಿಂದ ನಾಲ್ಕು ಮೀಟರಾದರೂ ಆಚೆ ಇರಲಿ. ಜೋಸೆಫನ ಪರದಾಟಕ್ಕೆ ಓಡಾಡುವ ದೂರ ಬೇಕು.

ಬಿದ್ದ ಮೇಲಿನ ಕ್ಷಣದ ಬಗ್ಗೆ ನನ್ನದು ಗಟ್ಟಿ ಅಭಿಪ್ರಾಯ. ಚಾರ್ಲ್ಸ್ ಒಂದು ಉದ್ಗಾರ, ಸರ್ ಪೀಟರ್ ಒಂದು ಉದ್ಗಾರ. ಅಲ್ಲಿಂದ ಚಾರ್ಲ್ಸ್ ಒಬ್ಬನೇ, ಉಳಿದ ಮೂವರನ್ನು ಒಬ್ಬೊಬ್ಬರಾಗಿ ಕೆಣಕುತ್ತಾ ಮಾತಾಡಿ ಹೊರಡುತ್ತಾನೆ. ಆ ಮೂವರು ಒಂದು ಬೆರಳೂ ಆಡಿಸಬಾರದು. ಬಾಯಿ ತೆರೆಯುವುದು, ತಲೆ ಹಿಡಿದುಕೊಳ್ಳುವುದು, ಮುಖ ಮುಚ್ಚಿಕೊಳ್ಳುವುದು ಯಾವುದೂ ಬೇಡ. ಅವರು ಕಲ್ಲಾಗಿ ನಿಂತಷ್ಟೂ ಅವನ ಮಾತು ಏರುತ್ತದೆ. ಅವನು ಹೋದ ಮೇಲೆ ಜೋಸೆಫ್ ತಡವರಿಸುತ್ತಾ ಹೇಳುವ ಕಥೆಯನ್ನು ಲೇಡಿ ಟೀಜಲ್ ಒಂದೇ ಏಟಿಗೆ ಅಲ್ಲಗಳೆಯುವಾಗ ನಾಟಕ ಪ್ರಹಸನದ ಜಾಗ ಬಿಟ್ಟು ಬೇರೆ ಕಡೆಗೆ ಬಂದಿರುತ್ತದೆ. ಅವಳು ಆ ಮಾತನ್ನು ನಗಿಸಲು ಆಡಿದರೆ ಐದನೇ ಅಂಕದಲ್ಲಿ ಗಂಡ ಹೆಂಡತಿ ಒಂದಾಗುವುದಕ್ಕೆ ಬೆಲೆಯಿರುವುದಿಲ್ಲ.

ಉಚ್ಚಾರಕ್ಕೆ ಬರೋಣ. ‘ಇಂಥ ನಾಟಕಕ್ಕೆ ಶ್ರೀಮಂತ ಲಂಡನ್ ಉಚ್ಚಾರವೇ ಬೇಕು’ ಎಂಬುದು ನಂಬಿಕೆ, ನಿಯಮವಲ್ಲ. ಶೆರಿಡನ್ 1751ರಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿದವನು. ಲೇಡಿ ಟೀಜಲ್ ಹಳ್ಳಿಯಲ್ಲಿ ಬೆಳೆದವಳು. ಸೊಂಟಕ್ಕೆ ಬೀಗದ ಕೈ ಗೊಂಚಲು ಕಟ್ಟಿಕೊಂಡಿದ್ದಳು ಎಂದು ಗಂಡ ಅವಳಿಗೆ ನೆನಪಿಸುತ್ತಾನೆ, ಹಾಲುಮನೆ, ಕೋಳಿಗಳನ್ನು ನೋಡಿಕೊಳ್ಳುತ್ತಿದ್ದೆ ಎಂದು ಅವಳೇ ಹೇಳುತ್ತಾಳೆ. ಹದಿನಾಲ್ಕು ಜನ ಒಂದೇ ನಕಲಿ ಉಚ್ಚಾರ ಹಾಕಿಕೊಂಡರೆ, ಯಾರಿಗೆ ಬಂತು ಯಾರಿಗೆ ಬರಲಿಲ್ಲ ಎಂಬುದನ್ನೇ ಸಭೆ ಕೇಳಿಸಿಕೊಳ್ಳುತ್ತದೆ. ಅವರವರ ಇಂಗ್ಲಿಷೇ ಇರಲಿ. ದುಡಿಯಬೇಕಾದ್ದು ಒತ್ತಿನ ಮೇಲೆ. ಶೆರಿಡನ್ನನ ವಾಕ್ಯಗಳು ಜೋಡಿ ಜೋಡಿಯಾಗಿ ಎದುರುಬದುರು ನಿಲ್ಲುತ್ತವೆ, ಚಾಟಿ ಕೊನೆಯ ಪದದಲ್ಲಿರುತ್ತದೆ. ನಮ್ಮ ಭಾಷೆಗಳ ಲಯದಲ್ಲಿ ಪ್ರತಿ ಅಕ್ಷರಕ್ಕೂ ಹೆಚ್ಚುಕಡಿಮೆ ಸಮ ತೂಕ. ಆ ಲಯವನ್ನೇ ಇಂಗ್ಲಿಷಿಗೆ ತಂದರೆ ಚಾಟಿ ಉಳಿದ ಪದಗಳ ನಡುವೆ ಕಾಣೆಯಾಗುತ್ತದೆ. ಇಂಗ್ಲಿಷ್ ಹುಡುಗರ ರೋಗ ಬೇರೆ: ಅವರು ವಾಕ್ಯದ ಬಾಲವನ್ನು ನುಂಗುತ್ತಾರೆ. ಇಬ್ಬರಿಗೂ ಒಂದೇ ಮದ್ದು. ಪ್ರತಿ ವಾಕ್ಯದಲ್ಲಿ ಒತ್ತು ಬೀಳುವ ಎರಡೇ ಪದಕ್ಕೆ ಗೆರೆ ಎಳೆದು, ಮೊದಲ ವಾರ ಆ ಪದಗಳನ್ನು ಮಾತ್ರ ಜೋರಾಗಿ, ಉಳಿದದ್ದನ್ನು ಪಿಸುಮಾತಿನಲ್ಲಿ ಓದಿಸಿ.

ಪಾತ್ರವು ಪ್ರೇಕ್ಷಕರಿಗೆ ಮಾತ್ರ ಹೇಳುವ ಮಾತುಗಳಿಗೆ ಅಂಗೈ ಅಡ್ಡ ಹಿಡಿಯುವುದು, ಉಳಿದವರು ಬೊಂಬೆಯಾಗುವುದು ಬೇಡ. ಒಬ್ಬ ಪ್ರೇಕ್ಷಕರ ಕಣ್ಣು ನೋಡಿ, ಒಂದೇ ಉಸಿರಿನಲ್ಲಿ ಹೇಳಿ, ಮರಳಿ ಬರಬೇಕು. ಆ ಕಾಲದಲ್ಲಿ ಸಭಾಂಗಣದ ದೀಪ ಆರಿಸುತ್ತಿರಲಿಲ್ಲ. ನೀವೂ ಸಭೆಯ ಮೇಲೆ ಕಾಲುಭಾಗ ಬೆಳಕು ಉಳಿಸಿಕೊಂಡರೆ ನಟರಿಗೆ ನೋಡಲು ಕಣ್ಣುಗಳು ಸಿಗುತ್ತವೆ. ಬೀಸಣಿಗೆಯ ‘ಸಂಕೇತ ಭಾಷೆ’ ಕಲಿಸಲು ಒಂದು ಗಂಟೆಯನ್ನೂ ಕೊಡಬೇಡಿ. ಸಭೆಗೆ ಅದು ತಿಳಿಯದು, ಹುಡುಗಿಯರ ಗಮನ ಮಾತಿನಿಂದ ಕೈಗೆ ಜಾರುತ್ತದೆ.

ಸೆಟ್ಟಿನ ಲೆಕ್ಕ ನೀವಂದುಕೊಂಡಷ್ಟು ಭಾರವಲ್ಲ. ದೃಶ್ಯಗಳು 14, ಮನೆಗಳು ನಾಲ್ಕೇ. ಒಂದರಿಂದ ಎರಡನೇ ಅಂಕಕ್ಕೆ, ಎರಡರಿಂದ ಮೂರಕ್ಕೆ ಹೋಗುವಾಗ ಸರ್ ಪೀಟರ್‌ನ ಮನೆ ಹಾಗೆಯೇ ಇರುತ್ತದೆ. ನಾಲ್ಕರಿಂದ ಐದಕ್ಕೆ ಓದುಕೋಣೆ ಬದಲಾಗುವುದಿಲ್ಲ. ಉಳಿಯುವುದು ಹತ್ತು ಬದಲಾವಣೆ. ಅದರಲ್ಲೂ ಮೂರು ಚಾರ್ಲ್ಸ್‌ನ ಮನೆಯೊಳಗಿನವು, ಕುಡಿದ ಗೆಳೆಯರೇ ಕುರ್ಚಿ ಹೊತ್ತುಕೊಂಡು ಹೋಗಬಹುದು. ಕತ್ತಲು ಮಾಡಬೇಡಿ. ಡ್ರೂರಿ ಲೇನಿನಲ್ಲೂ ಚಿತ್ರಿಸಿದ ಹಲಗೆಗಳು ಸಭೆಯ ಎದುರೇ ಸರಿಯುತ್ತಿದ್ದವು; ಕಂಪನಿ ನಾಟಕ ನೋಡಿದವರಿಗೆ ಇದು ಹೊಸದಲ್ಲ. ಮನೆಗೊಂದು ಗುರುತಿನ ವಸ್ತು ಸಾಕು: ಚಾಡಿಕೋರರ ಕೂಟದ ಒಡತಿ ಲೇಡಿ ಸ್ನೀರ್‌ವೆಲ್‌ಗೆ ಕನ್ನಡಿ ಮೇಜು, ಸರ್ ಪೀಟರ್‌ಗೆ ಎರಡು ಕುರ್ಚಿ, ಚಾರ್ಲ್ಸ್‌ಗೆ ಖಾಲಿ ಬಾಟಲಿಯ ಮೇಜು, ಜೋಸೆಫ್‌ಗೆ ಸ್ಕ್ರೀನ್. ಒಂದೊಂದು ಬದಲಾವಣೆಯೂ 25 ಸೆಕೆಂಡಿನೊಳಗೆ ಮುಗಿಯಬೇಕು. ಚಾರ್ಲ್ಸ್ ಪೂರ್ವಜರ ಚಿತ್ರಗಳನ್ನು ಹರಾಜು ಹಾಕುವ ದೃಶ್ಯಕ್ಕೆ ಚಿತ್ರ ಬರೆಸುವುದೂ ಬೇಡ: ಬೆನ್ನು ತೋರಿಸುವ ಚೌಕಟ್ಟುಗಳು, ಭಾರತದಿಂದ ಮರಳಿದ ಚಿಕ್ಕಪ್ಪ ಸರ್ ಆಲಿವರ್‌ನದ್ದು ಮಾತ್ರ ನಿಜವಾದ ಚಿತ್ರ. ಸುತ್ತಿಗೆಯ ಬದಲು ಹಿಡಿಯುವ ವಂಶವೃಕ್ಷದ ಸುರುಳಿ ಗಟ್ಟಿ ಕೊಳವೆಯಾಗಿರಲಿ, ಏಟು ಹಾಕಿದರೆ ಸದ್ದು ಬರಬೇಕು.

ದುಡ್ಡನ್ನು ಹೀಗೆ ಹಂಚಬಹುದು: ಸ್ಕ್ರೀನ್, ಬಾಗಿಲು, ಪೀಠೋಪಕರಣಕ್ಕೆ 250, ಉಡುಪಿಗೆ 400, ಕೂದಲು ಮತ್ತು ಮೇಕಪ್‌ಗೆ 100, ಸಣ್ಣ ಪರಿಕರಕ್ಕೆ 50, ಕೊನೇ ವಾರದ ಆಪತ್ತಿಗೆ 100. ಅಗ್ಗದ ವಿಗ್ ಹಾಕಿದ ತರುಣ ವೇಷಸ್ಪರ್ಧೆಯ ಜಡ್ಜ್‌ನಂತೆ ಕಾಣುತ್ತಾನೆ. ಸ್ವಂತ ಕೂದಲನ್ನು ಹಿಂದಕ್ಕೆ ಬಾಚಿ ಕಪ್ಪು ರಿಬ್ಬನ್ ಕಟ್ಟಿದರೆ ಸಾಕು. ಒಳಗೆ ಬಳೆಯಂಥ ಚೌಕಟ್ಟಿರುವ ಅಗಲವಾದ ಲಂಗ 1770ರ ದಶಕದಲ್ಲಿ ಮುಖ್ಯವಾಗಿ ಅರಮನೆಯ ಉಡುಪು, ನಿಮ್ಮ ಬಾಗಿಲಿನಲ್ಲಿ ತೂರುವುದೂ ಕಷ್ಟ. ಸೊಂಟಕ್ಕೆ ದಿಂಬು ಕಟ್ಟಿ ಲಂಗ ಬಿಟ್ಟರೆ ಆಕಾರ ಬರುತ್ತದೆ. ಎರಡನೇ ವಾರದಿಂದಲೇ ಯಾವುದಾದರೂ ಉದ್ದ ಲಂಗ ಮತ್ತು ಹಿಮ್ಮಡಿಯ ಶೂ ಹಾಕಿಸಿ ತಾಲೀಮು ಮಾಡಿ.

ನಾಟಕದಲ್ಲಿ ಮಾತಿರುವ ಹೆಣ್ಣು ಪಾತ್ರಗಳು ನಾಲ್ಕೇ, ನಿಮ್ಮಲ್ಲಿರುವವರು ಒಂಬತ್ತು. ಕ್ರಾಬ್‌ಟ್ರೀ, ರೌಲಿ, ಸ್ನೇಕ್, ಟ್ರಿಪ್, ಕೇರ್‌ಲೆಸ್ ಎಂಬ ಚಿಕ್ಕ ಗಂಡು ಪಾತ್ರಗಳನ್ನು ಹೆಂಗಸರನ್ನಾಗಿ ಮಾಡಿದರೆ ಕಥೆಗೆ ಧಕ್ಕೆಯಿಲ್ಲ. ಸರ್ ಪೀಟರ್, ಜೋಸೆಫ್, ಚಾರ್ಲ್ಸ್, ಸರ್ ಆಲಿವರ್ ಪಾತ್ರಗಳನ್ನು ಹುಡುಗಿಯರು ಮಾಡಿದರೂ ಗಂಡಸರಾಗಿಯೇ ಮಾಡಲಿ; ಮದುವೆ ಮತ್ತು ಆಸ್ತಿಯ ಹಕ್ಕು ಆ ಲೋಕದಲ್ಲಿ ಲಿಂಗಕ್ಕೆ ಅಂಟಿಕೊಂಡಿದೆ. ಸ್ನೇಕ್ ಬರುವುದು ಆರಂಭದಲ್ಲಿ ಮತ್ತು ಕೊನೆಯಲ್ಲಿ ಮಾತ್ರ, ಅವನನ್ನು ಮಾಡುವವರೇ ಕೇರ್‌ಲೆಸ್ ಆಗಬಹುದು. ಟ್ರಿಪ್ ಮಾಡುವವರು ಜೋಸೆಫನ ಆಳೂ ಆಗಲಿ. ವಯಸ್ಸಾದ ಪಾತ್ರಕ್ಕೆ ಗೂನು ಬೆನ್ನು, ನಡುಗುವ ದನಿ ಬೇಡವೇ ಬೇಡ.

ಇನ್‌ಸ್ಟಾಗ್ರಾಂ ಸಲಹೆ ಕೇಳಲು ಚೆನ್ನಾಗಿದೆ. ನಾಟಕ ಶುರುವಾಗುವುದೇ ಪತ್ರಿಕೆಗೆ ಚಾಡಿಯ ತುಣುಕುಗಳನ್ನು ಹಾಕಿಸಿದ ಮಾತಿನಿಂದ. ಆದರೆ ಕೈಯಲ್ಲಿ ಫೋನ್ ಬಂದ ಕೂಡಲೇ ಸರ್ ಆಲಿವರ್ ಕಥೆ ನಿಲ್ಲುತ್ತದೆ. ಭಾರತದಲ್ಲಿ ದಶಕಕ್ಕೂ ಮೇಲಿದ್ದು ಹಣ ಮಾಡಿ ಬಂದ ಚಿಕ್ಕಪ್ಪನ ಮುಖ ಅಣ್ಣನ ಮಕ್ಕಳಿಗೆ ಗೊತ್ತಿಲ್ಲ, ಆದ್ದರಿಂದಲೇ ಅವನು ಒಬ್ಬನ ಬಳಿ ಲೇವಾದೇವಿಗಾರನಾಗಿ, ಇನ್ನೊಬ್ಬನ ಬಳಿ ಬಡ ನೆಂಟನಾಗಿ ಹೋಗಿ ಪರೀಕ್ಷಿಸುತ್ತಾನೆ. ಒಂದು ಫೋಟೋ ಇದ್ದರೆ ಅದು ನಂಬುವಂತಿಲ್ಲ. ಹೊಸ ಬಟ್ಟೆ ಬೇಕಿದ್ದರೆ ಹಾಕಿ, ಫೋನು ಬೇಡ. ನಿಮ್ಮ ಭಾರತೀಯ ನಟರಲ್ಲೊಬ್ಬರಿಗೆ ಸರ್ ಆಲಿವರ್ ಕೊಡುವುದನ್ನು ಯೋಚಿಸಿ. ಅವನು ಕಳಿಸಿದ 12,000 ಪೌಂಡನ್ನು ಮುಚ್ಚಿಟ್ಟು, ಚಿಕ್ಕಪ್ಪ ಕೊಟ್ಟದ್ದು ಪಿಂಗಾಣಿ, ಚಹಾ, ಮುನಿಯ ಹಕ್ಕಿ, ಪಟಾಕಿ ಇಷ್ಟೇ ಎಂದು ಜೋಸೆಫ್ ಹೇಳುವ ಜಾಗ ಆಗ ಬೇರೆಯದೇ ರೀತಿ ಕೇಳಿಸುತ್ತದೆ. ಹತ್ತು ವರ್ಷದ ನಂತರ, 1787ರ ಫೆಬ್ರುವರಿ 7ರಂದು, ಅವಧದ ಬೇಗಂರಿಂದ ಸಂಪತ್ತು ಕಿತ್ತುಕೊಂಡದ್ದಕ್ಕಾಗಿ ಭಾರತದಲ್ಲಿ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್ ವಿರುದ್ಧ ಸಂಸತ್ತಿನಲ್ಲಿ ಐದು ಗಂಟೆಗೂ ಮಿಕ್ಕಿ ಮಾತಾಡಿದವನು ಇದೇ ಶೆರಿಡನ್.

ಮೋಸೆಸ್ ವಿಷಯದಲ್ಲಿ ನಿಮ್ಮ ಮುಜುಗರ ಸಕಾರಣವಾದದ್ದು. ಕಥೆಯಲ್ಲಿ ಅವನು ಕೆಡುಕನಲ್ಲ, ಸತ್ಯ ಹೊರಬರಲು ನೆರವಾಗುವವನು. ಆದರೂ ನಗು ಹುಟ್ಟಿಸುವುದು ‘ಬಡ್ಡಿ ತಿನ್ನುವ ಯಹೂದಿ’ ಎಂಬ ಹಳೆಯ ಹೀಯಾಳಿಕೆಯಿಂದ. ಅವನ ಹೆಸರು, ಧರ್ಮ ಎರಡನ್ನೂ ಅಳಿಸಬಹುದು. ಆಗ ನಾಟಕ ತನ್ನ ಕಾಲದ ಕಲೆಯನ್ನು ಒರೆಸಿಕೊಂಡು ನಿರಪರಾಧಿಯಂತೆ ನಿಲ್ಲುತ್ತದೆ. ಇದ್ದಂತೆ ಇಟ್ಟು ಕರಪತ್ರದಲ್ಲಿ ಟಿಪ್ಪಣಿ ಬರೆಯಬಹುದು. ಸಭೆ ನಕ್ಕ ಗಳಿಗೆಗೆ ಆ ಟಿಪ್ಪಣಿ ತಲುಪುವುದಿಲ್ಲ. ನಾನು ಹೇಳುವ ದಾರಿ: ಹೆಸರು ಉಳಿಯಲಿ, ಅವನ ಜನಾಂಗವನ್ನು ಚುಚ್ಚುವ ಸಾಲುಗಳು ಹೋಗಲಿ, ಬೇರೆ ದನಿ, ಅಂಟಿಸಿದ ಮೂಗು ಯಾವುದೂ ಬೇಡ. ಇಡೀ ನಾಟಕದಲ್ಲಿ ತನ್ನ ಕಸುಬನ್ನು ಮುಚ್ಚಿಡದೆ ಮಾಡುವ ಕೆಲವೇ ಜನರಲ್ಲಿ ಒಬ್ಬನಾಗಿ ಅವನನ್ನು ಆಡಿಸಿ. ಪಠ್ಯ ಕತ್ತರಿಸುವ ಮೊದಲ ವಾರದಲ್ಲೇ ಕ್ಯಾಂಪಸ್ಸಿನ ಯಹೂದಿ ವಿದ್ಯಾರ್ಥಿಗಳನ್ನು ಓದಿಗೆ ಕರೆಯಿರಿ. ಪೋಸ್ಟರ್ ಹಚ್ಚಿದ ಮೇಲೆ ಕರೆದರೆ ಅದು ಸಮ್ಮತಿ ಕೇಳಿದಂತಾಗುತ್ತದೆ, ಸಲಹೆ ಕೇಳಿದಂತಲ್ಲ.

ಪಠ್ಯ ಯಾವುದೆಂದು ಮೊದಲ ದಿನವೇ ನಿಗದಿ ಮಾಡಿ, ಒಂದೇ ಪ್ರತಿಯ ನಕಲನ್ನು ಎಲ್ಲರಿಗೂ ಹಂಚಿ. ಶೆರಿಡನ್ ಇದನ್ನು ತಾನಾಗಿ ಅಚ್ಚಿಗೆ ಕೊಡಲಿಲ್ಲ, ಆವೃತ್ತಿಗಳು ಅಲ್ಲಲ್ಲಿ ಬೇರೆಯಾಗುತ್ತವೆ. ಐದನೇ ಅಂಕದಲ್ಲಿ ನಡೆಯದ ಡ್ಯುಯೆಲ್ (ದ್ವಂದ್ವ ಕಾಳಗ) ಬಗ್ಗೆ ಹಬ್ಬುವ ವದಂತಿಯಲ್ಲಿ ಗುಂಡು ಬಡಿದ ಕಂಚಿನ ಬೊಂಬೆ ಒಂದರಲ್ಲಿ ಷೇಕ್ಸ್‌ಪಿಯರ್, ಇನ್ನೊಂದರಲ್ಲಿ ಪ್ಲಿನಿ. ಮೂಲ ಪಠ್ಯಕ್ಕೆ ಹಕ್ಕುಸ್ವಾಮ್ಯವಿಲ್ಲ, ಶೆರಿಡನ್ ತೀರಿಕೊಂಡದ್ದು 1816ರಲ್ಲಿ. ಈಚಿನವರ ರೂಪಾಂತರ ಬಳಸಿದರೆ ಮಾತ್ರ ಅನುಮತಿ ಬೇಕು. ಕತ್ತರಿಸದೆ ಆಡಿದರೆ ಸುಮಾರು ಮೂರು ಗಂಟೆ. ವಿರಾಮ ಸೇರಿ ಎರಡೂಕಾಲಕ್ಕೆ ಇಳಿಸಿ. ಚಾರ್ಲ್ಸ್‌ನ ಆಳು ಟ್ರಿಪ್‌ನ ಸಾಲದ ಮಾತು, ಆ ವರ್ಷ ಸಂಸತ್ತಿನ ಮುಂದಿದ್ದ ವರ್ಷಾಶನ ಮಸೂದೆಯ ಉಲ್ಲೇಖ, ಕಥೆಗೆ ಮರಳಿ ಬಾರದ ಹೆಸರುಗಳ ಚಾಡಿ ಇವನ್ನು ಇಳಿಸಬಹುದು. ಡ್ಯುಯೆಲ್ ವದಂತಿಯನ್ನು ಮುಟ್ಟಬೇಡಿ, ಸುಳ್ಳು ಬೆಳೆಯುವ ಬಗೆಯನ್ನು ಅಷ್ಟು ಚೆನ್ನಾಗಿ ಬೇರೆಲ್ಲೂ ತೋರಿಸಿಲ್ಲ. ವಿರಾಮ ಮೂರನೇ ಅಂಕದ ಕೊನೆಗೆ ಬೇಡ. ಕುಡಿತದ ಕೂಟ ನೇರವಾಗಿ ಹರಾಜಿಗೆ ಹರಿಯಬೇಕು. ಅದೇ ಅಂಕದ ಮೊದಲ ದೃಶ್ಯ ಮುಗಿದಾಗ ಬಿಡಿ. ಹೆಂಡತಿ 200 ಪೌಂಡ್ ಕೇಳುತ್ತಾಳೆ, ಗಂಡ ಕರಗುತ್ತಾನೆ, ಇನ್ನೆಂದೂ ಜಗಳವಾಡುವುದಿಲ್ಲ ಎನ್ನುತ್ತಲೇ ಜಗಳ ಹೊತ್ತಿಕೊಳ್ಳುತ್ತದೆ. ಆ ಬಿಸಿಯಲ್ಲೇ ಸಭೆ ಚಹಾಕ್ಕೆ ಏಳಲಿ.

ತಾಲೀಮಿನಲ್ಲಿ ಎರಡನೇ ವಾರದಿಂದಲೇ ಬಟ್ಟೆ ಒಣಗಿಸುವ ಸ್ಟ್ಯಾಂಡಿಗೆ ಬೆಡ್‌ಶೀಟ್ ಹಾಕಿ ಅದನ್ನೇ ಸ್ಕ್ರೀನ್ ಮಾಡಿಕೊಳ್ಳಿ, ಮೂರನೇ ವಾರವನ್ನು ಪೂರ್ತಿ ಆ ಒಂದು ದೃಶ್ಯಕ್ಕೆ ಕೊಡಿ, ಐದನೇ ವಾರ ಕೈಯಿಂದ ಪಠ್ಯ ಬಿಡಿಸಿ, ಆರನೆಯದಕ್ಕೆ ನಿಜವಾದ ಸ್ಕ್ರೀನ್ ಬಂದಿರಬೇಕು. ಗ್ರ್ಯಾಂಡ್ ರಿಹರ್ಸಲ್‌ಗೆ ಒಂದು ವಾರ ಮುಂಚೆ ನಾಟಕ ಓದಿರದ ಮೂವರನ್ನು ಕೂರಿಸಿ ಆರಂಭದಿಂದ ಓಡಿಸಿ, ಚಾರ್ಲ್ಸ್ ಸ್ಕ್ರೀನಿಗೆ ಕೈಹಾಕುವ ಮುಂಚಿನ ಗಳಿಗೆಯಲ್ಲಿ ನಿಲ್ಲಿಸಿ ಕೇಳಿ: ಹಿಂದೆ ಇರುವವಳು ಯಾರು, ಯಾಕೆ ಬಂದಳು, ಅವಳ ಗಂಡ ಯಾರನ್ನು ಅನುಮಾನಿಸಿದ್ದಾನೆ, ಈಗ ಅವಳು ಏನು ಕೇಳಿಸಿಕೊಂಡಳು? ಯಾರಾದರೂ ಒಂದಕ್ಕೆ ತಡವರಿಸಿದರೂ ಓದುಕೋಣೆಯ ದೃಶ್ಯವನ್ನು ತಿದ್ದಲು ಹೋಗಬೇಡಿ. ಬಣ್ಣ ಹಚ್ಚಿದ ಆ ಹಾಳೆ ತೆಗೆದು, ಉತ್ತರ ಇರಬೇಕಾದ ಸಾಲನ್ನು ಒಂದು ಅಥವಾ ಎರಡನೇ ಅಂಕದಲ್ಲಿ ಹುಡುಕಿ, ಅದನ್ನು ಆಡುವವರು ಆ ಹೊತ್ತಿನಲ್ಲಿ ಎಲ್ಲಿ ನಿಂತಿದ್ದಾರೆ, ಯಾರ ಕಡೆ ಬೆನ್ನು ಮಾಡಿದ್ದಾರೆ ಎಂದು ನೋಡಿ.